ಕುಸುಬೆ, ಕ್ಯಾಮೆಲಿನಾ, ಹುಚ್ಚೆಳ್ಳು: ಒಣಬೇಸಾಯದ ಪಿಎಚ್‌ಡಿಗೆ ಯಾವುದು?

ಈ ಮೂರು ಎಣ್ಣೆಕಾಳು ಬೆಳೆಗಳಲ್ಲಿ ಯಾವುದು ಕಡಿಮೆ ನೀರಿನಲ್ಲಿ ಹೆಚ್ಚು ಎಣ್ಣೆ ಕೊಡುತ್ತದೋ ಅದನ್ನೇ ಥೀಸಿಸ್‌ಗೆ ಹಿಡಿಯುತ್ತೇನೆ ಅಂದಿದ್ದೀರಿ. ನನ್ನ ಸಿನಾಪ್ಸಿಸ್‌ನಲ್ಲೂ (ಸಂಶೋಧನೆಗೆ ಮುಂಚೆ ಕೊಡುವ ಯೋಜನೆ) ಹೆಚ್ಚುಕಡಿಮೆ ಇದೇ ಸಾಲು ಇತ್ತು. ಹಿಡಿದದ್ದು ಕುಸುಬೆ. ಮೊದಲ ಹಂಗಾಮಿನ ಲೆಕ್ಕ ತೆಗೆದಾಗ ಕುಸುಬೆ ಹೆಚ್ಚೂಕಡಿಮೆ ನೀರೇ ಕುಡಿಯದೆ ಕಾಳು ಕಟ್ಟಿದ ಹಾಗಿತ್ತು. ಅಷ್ಟು ಚೆಂದದ ಅಂಕಿ ಕಂಡಾಗಲೇ ಅನುಮಾನ ಬರಬೇಕಿತ್ತು.

ತಪ್ಪು ಇಷ್ಟೇ: ಮಣ್ಣಿನ ತೇವವನ್ನು 60 ಸೆಂ.ಮೀ. ಆಳದವರೆಗೆ ಮಾತ್ರ ಅಳೆದಿದ್ದೆ. ಎರೆಮಣ್ಣಿನಲ್ಲಿ ಆಗರ್ (ಮಣ್ಣು ಕೊರೆದು ಮಾದರಿ ಎತ್ತುವ ಸಲಕರಣೆ) ಅಲ್ಲಿಯವರೆಗೆ ಸಲೀಸಾಗಿ ಇಳಿಯುತ್ತದೆ, ಆಮೇಲೆ ಇಬ್ಬರು ಜೋತುಬಿದ್ದು ಒತ್ತಬೇಕು. ಆದರೆ ಕುಸುಬೆಯ ತಾಯಿಬೇರು 2 ಮೀ. ದಾಟಬಲ್ಲದು. ಮೇಲಿನ ಪದರ ಒಣಗಿದ ಮೇಲೆ, ಹೂವು ಬಿಟ್ಟು ಕಾಳು ತುಂಬುವ ಹೊತ್ತಿಗೆ ಅದು ನೀರೆಳೆಯುವುದು ಕೆಳಗಿನಿಂದ. ನಾನು ಅಳೆಯದೆ ಬಿಟ್ಟದ್ದು ಅದೇ ಜಾಗ.

ಲೆಕ್ಕ ಬಿಡಿಸಿ ಹೇಳುತ್ತೇನೆ. ನೀರಿನ ಬಳಕೆ ಅಂದರೆ ಬಿದ್ದ ಮಳೆಗೆ ಬಿತ್ತುವಾಗ ಮಣ್ಣಿನಲ್ಲಿದ್ದ ನೀರು ಕೂಡಿಸಿ, ಕೊಯ್ಲಿನಲ್ಲಿ ಉಳಿದದ್ದನ್ನು ಕಳೆಯುವುದು. ಹರಿದು ಹೋದದ್ದು, ಕೆಳಗೆ ಬಸಿದದ್ದು ಇದ್ದರೆ ಅದನ್ನೂ ಕಳೆಯಬೇಕು. ಉದಾಹರಣೆಗೆ ಮಳೆ 60 ಮಿ.ಮೀ., ಮಣ್ಣಿನ ಸಾಂದ್ರತೆ (ಒಂದು ಘನ ಸೆಂ.ಮೀ.ನಲ್ಲಿರುವ ಒಣಮಣ್ಣಿನ ತೂಕ, ಗ್ರಾಂನಲ್ಲಿ) 1.3 ಎಂದಿಟ್ಟುಕೊಳ್ಳಿ. ಮೇಲಿನ 60 ಸೆಂ.ಮೀ.ನಲ್ಲಿ ತೇವ ಶೇ 28ರಿಂದ 17ಕ್ಕೆ ಇಳಿಯಿತು: 0.11 × 1.3 × 600, ಅಂದರೆ 86 ಮಿ.ಮೀ. ಒಟ್ಟು 146. ಹೆಕ್ಟೇರಿಗೆ 900 ಕೆ.ಜಿ. ಇಳುವರಿ ಬಂದಿದ್ದರೆ ಮಿ.ಮೀ. ನೀರಿಗೆ 6.2 ಕೆ.ಜಿ., ಇದೇ ನೀರಿನ ಬಳಕೆಯ ದಕ್ಷತೆ. ಈಗ 60ರಿಂದ 150 ಸೆಂ.ಮೀ.ವರೆಗಿನ ಪದರ ಸೇರಿಸಿ. ಅಲ್ಲಿ ತೇವ ಶೇ 26ರಿಂದ 20ಕ್ಕೆ ಇಳಿದಿದ್ದರೂ 0.06 × 1.3 × 900, ಇನ್ನೊಂದು 70 ಮಿ.ಮೀ. ಒಟ್ಟು 216 ಆಯಿತು, ದಕ್ಷತೆ 4.2ಕ್ಕೆ ಬಿತ್ತು. ಆಳದ ಬೇರಿನ ಬೆಳೆಗೆ ಇಷ್ಟು ವ್ಯತ್ಯಾಸ, ಮೇಲುಬೇರಿನ ಬೆಳೆಗೆ ಏನೂ ಇಲ್ಲ. ಹೋಲಿಕೆಯೇ ಬುಡಮೇಲು. ಕೊಯ್ಲಾದ ಮೇಲೆ ಒಂದು ಮಳೆ ಬಿತ್ತೆಂದರೆ ಆ ಮಾದರಿಯನ್ನು ಮತ್ತೆ ತೆಗೆಯಲಾಗದು. ಹಂಗಾಮು ಹೋದದ್ದು ಹಾಗೆ.

ಆದ್ದರಿಂದ ‘ಕಡಿಮೆ ನೀರಿನ ಬೆಳೆ’ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಕುಸುಬೆ ಕಡಿಮೆ ನೀರು ಬಳಸುವುದಿಲ್ಲ, ಬೇರೆ ಬೆಳೆಗೆ ಎಟುಕದ ನೀರು ಎಳೆಯುತ್ತದೆ. ಮುಂದಿನ ಮಳೆ ಆ ಆಳವನ್ನು ತುಂಬದಿದ್ದರೆ ಹಿಂದೆ ಬರುವ ಬೆಳೆ ಸೊರಗುತ್ತದೆ. ಸಾಸಿವೆ ಕುಟುಂಬದ ಕ್ಯಾಮೆಲಿನಾ 85ರಿಂದ 100 ದಿನಕ್ಕೆ ಮುಗಿಸಿ ಬರದಿಂದ ತಪ್ಪಿಸಿಕೊಳ್ಳುವ ಜಾತಿ. ಇವೆರಡನ್ನು ಹೆಕ್ಟೇರಿಗೆ ಎಷ್ಟು ಎಣ್ಣೆ ಅಂತ ಮಾತ್ರ ತೂಗಿದರೆ ಏನೂ ತಿಳಿಯದು. ಬೆಳೆ ಯಾವುದಾದರೂ ಇರಲಿ, ಪಕ್ಕದಲ್ಲಿ ಏನೂ ಬಿತ್ತದ ಪಾಳು ಪ್ಲಾಟ್ ಇಡಿ, ಮುಂದಿನ ಬೆಳೆಯನ್ನು ಅದೇ ಪ್ಲಾಟುಗಳಲ್ಲಿ ಬಿತ್ತಿ ಅದರ ಇಳುವರಿಯನ್ನೂ ಥೀಸಿಸ್‌ಗೆ ಸೇರಿಸಿ.

ಮಾದರಿ ತೆಗೆಯುವ ಪದರಗಳು: 0–15, 15–30, ಆಮೇಲೆ 30 ಸೆಂ.ಮೀ.ಗೊಂದರಂತೆ 180ರವರೆಗೆ. ಬಿತ್ತನೆ, ಹೂವು, ಕೊಯ್ಲು, ಮೂರು ಸಲ ತಪ್ಪಿಸಬೇಡಿ. ಪ್ಲಾಟಿಗೆ ಎರಡು ಗುಂಡಿ, ಒಂದು ಸಾಲಿನಲ್ಲಿ, ಒಂದು ಸಾಲುಗಳ ನಡುವೆ. ಮೇಲಿನ ಮಣ್ಣು ಗುಂಡಿಗೆ ಉದುರಿ ಕೆಳಗಿನ ಮಾದರಿಗೆ ಬೆರೆಯುತ್ತದೆ, ಹಾಗಾಗಿ ಪ್ರತಿ ಸಲ ಆಗರ್ ಎತ್ತಿದಾಗ ಅದರಲ್ಲಿ ಬಂದ ಮಣ್ಣಿನ ಮೇಲ್ಭಾಗದ 2–3 ಸೆಂ.ಮೀ. ಬಿಸಾಡಿ. ಬಿರುಕಿನ ಹತ್ತಿರ ತೆಗೆಯಬೇಡಿ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಅದೇ ದಿನ ಹಸಿ ತೂಕ ನೋಡಿ, 105 ಡಿಗ್ರಿ ಓವನ್‌ನಲ್ಲಿ 24 ಗಂಟೆ ಇಟ್ಟು ತೂಕ ನಿಂತ ಮೇಲೆ ಬರೆದುಕೊಳ್ಳಿ. ಗುಂಡಿಯನ್ನು ಮಣ್ಣು ತುಂಬಿ ಬಡಿದು ಮುಚ್ಚಿ. ಬಿಟ್ಟರೆ ಮಳೆನೀರು ನೇರ ಅದರಲ್ಲೇ ಇಳಿದು ಮುಂದಿನ ಅಳತೆ ಸುಳ್ಳಾಗುತ್ತದೆ. ಪ್ರೋಬ್ (ನೆಲದಲ್ಲಿ ಹೂತ ಕೊಳವೆಯೊಳಗೆ ಇಳಿಸಿ ತೇವ ಓದುವ ಸಾಧನ) ಇದ್ದರೆ ಶ್ರಮ ಉಳಿಯುತ್ತದೆ ನಿಜ, ಆದರೆ ಎರೆಮಣ್ಣು ಒಣಗಿ ಆ ಕೊಳವೆಯಿಂದ ಬಿಟ್ಟುಕೊಂಡರೆ ಅದು ಓದುವುದು ಗಾಳಿಯನ್ನು. ಸಾಂದ್ರತೆಯನ್ನೂ ಪದರಕ್ಕೊಂದರಂತೆ ನೀವೇ ಅಳೆಯಿರಿ, ಪುಸ್ತಕದ ಒಂದೇ ಅಂಕಿ ಎಲ್ಲಕ್ಕೂ ಬೇಡ.

ಕುಸುಬೆ ಮುಳ್ಳಿನ ತಳಿಯಾದರೆ ಬಿತ್ತುವಾಗಲೇ ಓಡಾಡಲು ದಾರಿ ಬಿಡಿ. ಕಾಂಡ ಎದ್ದು ಮುಳ್ಳು ಬಲಿತ ಮೇಲೆ ಆಗರ್ ಹಿಡಿದು ಒಳಗೆ ಹೋಗುವವರು ಯಾರೂ ಇಲ್ಲ, ಹೂವಿನ ಹಂತದ ಅಳತೆ ತಪ್ಪುವುದು ಈ ಕಾರಣಕ್ಕೆ. ಅಂಚಿನ ಎರಡೆರಡು ಸಾಲು ಲೆಕ್ಕಕ್ಕಿಲ್ಲ. ಪಕ್ಕದ ಬೇರು ಪಾಳು ಪ್ಲಾಟಿನ ನೀರನ್ನೂ ಕದಿಯುತ್ತದೆ, ಅಲ್ಲಿ ಅಂಚಿನಿಂದ 1.5 ಮೀ. ಒಳಗೆ ಅಳೆಯಿರಿ. ಬ್ಲಾಕ್ ವಿನ್ಯಾಸದಲ್ಲಿ ಐದು ಉಪಚಾರಕ್ಕೆ (ಹೋಲಿಸುವ ಬಗೆಗಳಿಗೆ) ಮೂರು ರೆಪ್ಲಿಕೇಶನ್ (ಪುನರಾವರ್ತನೆ) ಮಾಡಿದರೆ ದೋಷದ ಸ್ವಾತಂತ್ರ್ಯಾಂಕ ಬರೀ 8, ನಾಲ್ಕಾದರೆ 12; ಇದು ಹೆಚ್ಚಿದಷ್ಟೂ ಫಲಿತಾಂಶ ನಂಬಬಹುದು. ನಾಲ್ಕೇ ಮಾಡಿ.

ಕುಸುಬೆ ಬೀಜವನ್ನು ಕೆ.ಜಿ. ಲೆಕ್ಕದಲ್ಲಿ ಬಿತ್ತಬೇಡಿ. ಹೆಕ್ಟೇರಿಗೆ 10 ಕೆ.ಜಿ. ಅಂದರೆ ಸಾವಿರ ಕಾಳು 40 ಗ್ರಾಂ ತೂಗುವ ತಳಿಯಲ್ಲಿ 2.5 ಲಕ್ಷ ಬೀಜ, 30 ಗ್ರಾಂ ತೂಗುವುದರಲ್ಲಿ 3.3 ಲಕ್ಷ. ಕೊನೆಗೆ ತಳಿಗಳ ವ್ಯತ್ಯಾಸ ಅಂತ ಬರೆಯುವುದು ಬರೀ ಗಿಡಗಳ ಸಂಖ್ಯೆಯ ವ್ಯತ್ಯಾಸ. ಮೊಳಕೆ ಪರೀಕ್ಷೆ ಮಾಡಿ, ಎಣಿಸಿ ಬಿತ್ತಿ, 15–20 ದಿನಕ್ಕೆ 45 × 20 ಸೆಂ.ಮೀ. ಅಂತರ ಉಳಿಯುವಂತೆ ಗಿಡ ತೆಗೆಸಿ.

ಕ್ಯಾಮೆಲಿನಾ ಸಾವಿರ ಕಾಳು ಸುಮಾರು 1 ಗ್ರಾಂ. ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋದರೆ ಏಳುವುದು ಕಷ್ಟ, ಮೇಲೆ ಹಾಕಿದರೆ ಆ ಒಂದು ಸೆಂ.ಮೀ. ಬೇಗ ಒಣಗುತ್ತದೆ. ಮಣ್ಣಿನಲ್ಲಿ ಉಳಿದ ಹಸಿಯನ್ನೇ ನಂಬಿ ಬಿತ್ತುವ ನೆಲಕ್ಕೆ ನಾನಂತೂ ಅದನ್ನು ಹಿಡಿಯಲಾರೆ, ಕುಸುಬೆಯನ್ನಾದರೆ 5 ಸೆಂ.ಮೀ. ಕೆಳಗಿನ ಹಸಿಗೆ ಇಳಿಸಬಹುದು. ಹುಚ್ಚೆಳ್ಳು ಬಡ ನೆಲಕ್ಕೆ ಒಗ್ಗುತ್ತದೆ, ಆದರೆ ಸ್ವಂತ ಪರಾಗಕ್ಕೆ ಕಾಳು ಕಟ್ಟದು, ಜೇನುಹುಳ ಬೇಕು. ಹುಳ ಬಾರದ ವರ್ಷದ ಇಳುವರಿಯನ್ನು ಬರದ ಖಾತೆಗೆ ಬರೆದುಬಿಡುತ್ತೀರಿ.

ಎಣ್ಣೆಯ ಪ್ರಮಾಣವನ್ನು ಒಣತೂಕದ ಮೇಲೆ ಹೇಳಿ. ಎರಡು ಮಾದರಿಯಲ್ಲೂ ಶೇ 30 ಬಂದರೂ ಒಂದರ ತೇವ ಶೇ 5, ಇನ್ನೊಂದರದು 9 ಇದ್ದರೆ ನಿಜವಾದ ಅಂಕಿ 31.6 ಮತ್ತು 33.

90 ಸೆಂ.ಮೀ. ಸಾಕು ಅಂತ ಗೈಡ್ ಹೇಳಿದರೆ ವಾದ ಬೇಡ. ಹೂವಿನ ಹಂತದಲ್ಲಿ ಒಂದು ಬೆಳೆ ಪ್ಲಾಟು, ಒಂದು ಪಾಳು ಪ್ಲಾಟಿನಲ್ಲಿ ಆಳವಾಗಿ ಕೊರೆದು ಪದರಕ್ಕೆ ಪದರ ಹೋಲಿಸಿ ತೋರಿಸಿ. ಎರಡರ ತೇವವೂ ಒಂದೇ ಆಗುವ ಪದರ ಸಿಗುವವರೆಗೆ ಆಗರ್ ಎತ್ತಬೇಡಿ.