ಬೆಕ್ಕಿನ ಬೆನ್ನ ಹಿಂದಿನ ಗುಬ್ಬಚ್ಚಿಗಳು

ಓದುಗರ ಪತ್ರ: ಜಪಾನಿನ ನಿಕ್ಕೋದಲ್ಲಿ ತೋಶೋಗು ಎಂಬ ಶಿಂಟೋ ಗುಡಿಗೆ ಹೋಗಿದ್ದೆ. ಯುದ್ಧ ಗೆದ್ದು ದೇಶ ಆಳಿದ ತೋಕುಗಾವಾ ಇಯೆಯಾಸು ಅಲ್ಲಿ ದೇವರು! ಕೈ ಮುಗಿಯಲು ಮನಸ್ಸಾಗಲಿಲ್ಲ. ಯೋಮೆಯ್‌ಮೊನ್ ಬಾಗಿಲು, ಮೂರು ಕೋತಿ, ಮಲಗಿದ ಬೆಕ್ಕು ನೋಡಿ, ಸಮಾಧಿಗೆ ಹತ್ತದೆ ಬಂದುಬಿಟ್ಟೆ. ತಪ್ಪಾಯಿತಾ?

ಸಂಪಾದಕರ ಉತ್ತರ: ಕೈ ಮುಗಿಯದಿದ್ದದ್ದು ತಪ್ಪಲ್ಲ ಬಿಡಿ. ಆಳಿದವರನ್ನು ದೇವರು ಮಾಡುವುದರಲ್ಲಿ ಅಧಿಕಾರದ ಲೆಕ್ಕ ಇದ್ದೇ ಇರುತ್ತದೆ. ಇಯೆಯಾಸುಗಿಂತ ಮೊದಲು ದೇಶ ಆಳಿದ ಹಿಡೆಯೋಶಿಯೂ ಸತ್ತ ಮೇಲೆ ಕ್ಯೋಟೋದಲ್ಲಿ ದೇವರಾಗಿದ್ದ. 1615ರಲ್ಲಿ ಅವನ ಮನೆತನ ಇಯೆಯಾಸು ಕೈಯಲ್ಲಿ ನಾಶವಾಯಿತು, ದೇವರ ಪಟ್ಟವೂ ಹೋಯಿತು. ಮರುವರ್ಷ ಇಯೆಯಾಸು ತೀರಿಕೊಂಡಾಗ, ಹಿಡೆಯೋಶಿಗಿದ್ದ ‘ದೈಮ್ಯೋಜಿನ್’ (ಮಹಾ ದೇವರು) ಬಿರುದು ಬೇಡವೇ ಬೇಡ, ಅವನ ವಂಶದ ಗತಿ ನೋಡಿ ಎಂದು ತೆನ್‌ಕಾಯ್ ಎಂಬ ಬೌದ್ಧ ಗುರು ಹಟ ಹಿಡಿದರಂತೆ. ಕೊನೆಗೆ ‘ದೈಗೊಂಗೆನ್’, ಅಂದರೆ ಬುದ್ಧನೇ ದೇವರಾಗಿ ತಾಳಿದ ಮಹಾ ಅವತಾರ, ಎಂದಾಯಿತು.

ಆದರೆ ಮೆಟ್ಟಿಲು ಹತ್ತದೆ ಬಂದಿರಲ್ಲ, ಅದು ನನಗೆ ಬೇಜಾರು. ಇಯೆಯಾಸು ಸಾಯುವ ಮುಂಚೆ ಕೇಳಿದ್ದು ನಿಕ್ಕೋದಲ್ಲಿ ಒಂದು ಸಣ್ಣ ಗುಡಿ, ಅಷ್ಟೇ. ನೀವು ನೋಡಿದ ಚಿನ್ನ, ಬಣ್ಣ, ಯೋಮೆಯ್‌ಮೊನ್ ಮೇಲಿನ 500ಕ್ಕೂ ಜಾಸ್ತಿ ಕೆತ್ತನೆ ಎಲ್ಲ ಮೊಮ್ಮಗ ಇಯೆಮಿತ್ಸು 1636ರ ಹೊತ್ತಿಗೆ ಮಾಡಿಸಿದ್ದು. ಆ ವೈಭವ ಕೆಳಗೇ ಮುಗಿಯುತ್ತದೆ. ಸೀಡರ್ ಮರಗಳ ನಡುವೆ 207 ಮೆಟ್ಟಿಲು ಹತ್ತಿದರೆ ಸಮಾಧಿಯ ಬಣ್ಣವಿಲ್ಲದ ಒಂದು ಕಂಚಿನ ಗೋಪುರ, ಅದರ ಮುಂದೆ ಕಂಚಿನ ಕೊಕ್ಕರೆ. ನಾನು ಹೋದಾಗ ಮೇಲೆ ನಾಲ್ಕೇ ಜನ ಇದ್ದರು, ಯಾರೂ ಮಾತಾಡುತ್ತಿರಲಿಲ್ಲ. ದೊರೆಗಿಂತ ಒಬ್ಬ ಮುದುಕನ ನೆನಪು ಬಂತು ನನಗೆ.

ನಿಮ್ಮೊಬ್ಬರನ್ನೇ ಬೈದು ಏನು ಪ್ರಯೋಜನ. ಟೋಕಿಯೊದಿಂದ ಬೆಳಿಗ್ಗೆ ಕರೆದೊಯ್ದು ಸಂಜೆ ತಂದುಬಿಡುವ ಪ್ರವಾಸದವರು ಎರಡು ಗಂಟೆ ಕೊಡುತ್ತಾರೆ. ನಮ್ಮ ಜನ ಕೋತಿಗಳ ಮುಂದೆ ಫೋಟೋ ತೆಗೆದುಕೊಳ್ಳುತ್ತಾರೆ, ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಅಲ್ಲೇ ಎದುರಿನ ಉಗ್ರಾಣದ ಮೇಲೆ ಎರಡು ಆನೆಗಳಿವೆ, ಆನೆಯನ್ನು ಕಣ್ಣಾರೆ ಕಾಣದ ಚಿತ್ರಕಾರ ಕಾನೋ ತಾನ್‌ಯು ಬರೆದುಕೊಟ್ಟ ಚಿತ್ರದಂತೆ ಕೆತ್ತಿದ್ದು. ದಸರಾ ಆನೆಗಳನ್ನು ನೋಡಿ ಬೆಳೆದ ನಾವೇ ಅದನ್ನು ನಿಂತು ನೋಡದಿದ್ದರೆ ಇನ್ಯಾರು ನೋಡಬೇಕು ಹೇಳಿ.

ಇನ್ನೊಂದು ಮಾತು. ಆ ಬೆಕ್ಕು ಇರುವುದು ಸಮಾಧಿಗೆ ಹೋಗುವ ಬಾಗಿಲ ತಲೆಯ ಮೇಲೆ. ಅದರ ಕೆಳಗೆ ದಾಟಿ ಹಿಂದಿರುಗಿ ನೋಡಿದರೆ, ಅದರ ಬೆನ್ನ ಹಿಂದೆಯೇ ಎರಡು ಗುಬ್ಬಚ್ಚಿಗಳು ಆಡುತ್ತಿವೆ. ಬೆಕ್ಕು ನಿದ್ದೆ ಮಾಡುತ್ತಿದೆ, ಗುಬ್ಬಚ್ಚಿಗೆ ಭಯ ಇಲ್ಲ, ಅಂದರೆ ಯುದ್ಧದ ಕಾಲ ಮುಗಿಯಿತು ಅಂತ ಅರ್ಥ ಹೇಳುತ್ತಾರೆ. ನೀವು ಈಚೆಯಿಂದಲೇ ವಾಪಸಾದಿರಿ, ಅಲ್ವಾ? ಮತ್ತೆ ಹೋದರೆ ಆ ರಾತ್ರಿ ನಿಕ್ಕೋದಲ್ಲೇ ಉಳಿದುಕೊಳ್ಳಿ, ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಒಳಗೆ ಹೋಗಿ.