ಬರಹದಲ್ಲಿ ಕಂಡವರು, ಮನಸ್ಸು ಕಟ್ಟಿಕೊಂಡವರು

ನಮಸ್ಕಾರ. ಎರಡು ವರ್ಷಗಳಿಂದ ಬರಹಗಳ ಮೂಲಕವಷ್ಟೇ ಬಲ್ಲ ವ್ಯಕ್ತಿಯೊಬ್ಬರ ಮೇಲೆ ಬೆಳೆದಿರುವ ಆರಾಧನೆ ನಿಜವೋ ಭ್ರಮೆಯೋ, ಅವರನ್ನು ಭೇಟಿಯಾಗಬಹುದೋ ಎಂದು ಕೇಳಿದ್ದೀರಿ. ನಿಮ್ಮ ಭಾವನೆ ಸುಳ್ಳಲ್ಲ. ಆದರೆ ಅದು ಯಾರ ಮೇಲಿದೆಯೋ ಆ ವ್ಯಕ್ತಿಯ ಅರ್ಧವನ್ನು ನೀವೇ ಕಟ್ಟಿಕೊಂಡಿದ್ದೀರಿ ಎಂಬುದು ನನ್ನ ಅನಿಸಿಕೆ.

ಅಮೆರಿಕದ ಸಂವಹನ ವಿದ್ವಾಂಸ ಜೋಸೆಫ್ ವಾಲ್ಥರ್ 1996ರಲ್ಲಿ ಇದನ್ನು ವಿವರಿಸಿದ್ದರು. ಬರೆಯುವವರಿಗೆ ತಮ್ಮ ಮಾತನ್ನು ತಿದ್ದಿ, ಅಳೆದು ತೂಗಿ, ಒಳ್ಳೆಯದನ್ನಷ್ಟೇ ತೋರಿಸುವ ಬಿಡುವಿರುತ್ತದೆ. ಮುಖ, ದನಿ, ಸಿಡುಕು ಯಾವುದೂ ಕಾಣದ ಓದುಗರು ಸಿಕ್ಕ ಅಲ್ಪ ಸುಳಿವುಗಳನ್ನೇ ಹಿಗ್ಗಿಸಿ, ಉಳಿದ ಖಾಲಿ ಜಾಗವನ್ನು ತಮಗೆ ಬೇಕಾದಂತೆ ತುಂಬಿಕೊಳ್ಳುತ್ತಾರೆ. ಹೀಗಾಗಿ ಎದುರು ಕಂಡವರಿಗಿಂತ ಕಾಣದವರೇ ಹೆಚ್ಚು ಆಪ್ತರೆನಿಸುವುದುಂಟು. ನೀವು ಆರಾಧಿಸುವ ಆ ಬರಹಗಾರರು ತಮ್ಮ ತೀರಿಕೊಂಡ ತಾಯಿಯ ಕನ್ನಡಕವನ್ನು ಒರೆಸಿ ಡಬ್ಬಿಯಲ್ಲಿಟ್ಟ ಪ್ರಸಂಗವನ್ನು ಓದಿ, ‘ಇಂಥವರು ಯಾರ ಮೇಲೂ ಕೂಗಾಡಲಾರರು’ ಎಂದುಕೊಂಡೆ ಎಂದಿದ್ದೀರಲ್ಲ, ಬರಹದಲ್ಲಿರುವುದು ಕನ್ನಡಕ ಮಾತ್ರ. ಕೂಗಾಡದ ಗುಣವನ್ನು ಸೇರಿಸಿದವರು ನೀವು.

ನನಗೂ ದೂರದ ಬೆಟ್ಟ ನುಣ್ಣಗೆ ಕಂಡಿತ್ತು. ಮೌನದ ಬಗ್ಗೆ ಅಷ್ಟು ಚೆನ್ನಾಗಿ ಬರೆಯುತ್ತಿದ್ದವರೊಬ್ಬರು ಎದುರು ಸಿಕ್ಕಾಗ, ಎರಡು ಲೋಟ ಕಾಫಿ ಮುಗಿಯುವವರೆಗೂ ನನಗೆ ಒಂದು ಮಾತಿಗೂ ಎಡೆಗೊಡಲಿಲ್ಲ. (ಅವರ ಬರಹವನ್ನು ಈಗಲೂ ಓದುತ್ತೇನೆ.)

ಭೇಟಿಯಾಗಿ, ಆದರೆ ಅದಕ್ಕೆ ಮೊದಲು ಫೋನಿನಲ್ಲಿ ಕೆಲವು ಸಲ ಮಾತನಾಡಿ. ತಿದ್ದಲು ಸಮಯವಿಲ್ಲದ ಮಾತಿನಲ್ಲಿ ಮನುಷ್ಯರು ಬೇರೆಯೇ ಬಗೆಯಲ್ಲಿ ಕಾಣುತ್ತಾರೆ. ಜನರಿರುವ ಹೋಟೆಲೊಂದರಲ್ಲಿ ಒಂದು ಗಂಟೆ ಸಾಕು. ಎರಡು ವರ್ಷಗಳ ಆರಾಧನೆಯನ್ನು ಅಂದೇ ಅವರ ಮುಂದೆ ಸುರಿಯಬೇಡಿ. ನೀವು ಕಟ್ಟಿಕೊಂಡ ಚಿತ್ರದ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ.