ಮಕ್ಕಳು ಯಾಕೆ ಮತ್ತೆ ಬರಲಿಲ್ಲ?

ಪ್ರಶ್ನೆ: ನಮ್ಮ ಬಡಾವಣೆಯ ಸಂಘದಿಂದ 13ರಿಂದ 18 ವರ್ಷದ ಮಕ್ಕಳಿಗೆ ಭಾನುವಾರ ಬೆಳಿಗ್ಗೆ 7ಕ್ಕೆ ಚಿತ್ರಕಲೆ, ರಸಪ್ರಶ್ನೆ ಇಟ್ಟೆವು. ಮೊದಲ ವಾರ ಬಂದವರು ಮತ್ತೆ ಸುಳಿಯಲಿಲ್ಲ. ಏನು ಮಾಡೋಣ?

ಉತ್ತರ: ಇದನ್ನು ಗೊತ್ತು ಮಾಡುವಾಗ ಆ ಮಕ್ಕಳಲ್ಲಿ ಯಾರಾದರೂ ನಿಮ್ಮ ಜೊತೆ ಕೂತಿದ್ದರಾ? ಇಲ್ಲ ಅಂತ ಕಾಣುತ್ತೆ. ಮೊದಲು ಸಮಯ ಬದಲಿಸಿ. ಈ ವಯಸ್ಸಿನಲ್ಲಿ ನಿದ್ದೆಯ ಗಡಿಯಾರವೇ ತಡವಾಗುತ್ತದೆ. ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಬೇಗ ಎಚ್ಚರವಾಗುವುದಿಲ್ಲ. ಅದು ಸೋಮಾರಿತನ ಅಲ್ಲ. ಸಂಜೆಗೆ ಇಡಿ.

ನಾನು ಸಂಜೆ ಕೂಟ ನಡೆಸುತ್ತೇನೆ. ಅಲ್ಲಿ ಒಬ್ಬ ಹುಡುಗಿ ಗೋಡೆಗೆ ಒರಗಿ ಇಯರ್‌ಫೋನ್ ಹಾಕಿಕೊಂಡು ಸುಮ್ನೆ ನಿಂತಿರುತ್ತಿದ್ದಳು. ಯಾರೂ ಒತ್ತಾಯ ಮಾಡಲಿಲ್ಲ. ಕೊನೆಗೆ ಸ್ಪೀಕರ್ ವೈರು ಜೋಡಿಸಲು ತಾನೇ ಬಂದಳು. ಈಗ ಹಾಡುಗಳ ಪಟ್ಟಿ ಪೂರ್ತಿ ಅವಳದ್ದೇ. ಈ ಮಕ್ಕಳಿಗೆ ಪಾಠಕ್ಕಿಂತ ಗೆಳೆಯರ ಜೊತೆ ಕೂರುವ ಜಾಗವೇ ಜಾಸ್ತಿ ಬೇಕು. ಹಾಗಾಗಿ ಅರ್ಧ ಸಮಯ ಖಾಲಿ ಬಿಡಿ. ಬಹುಮಾನ, ಭಾಷಣ ಬೇಡವೇ ಬೇಡ.

ಓಡಾಟದ ಆಟವೂ ಇರಲಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಮೈದಾನವನ್ನು ಹುಡುಗರೇ ಹಿಡಿದುಬಿಡುತ್ತಾರೆ ಅಲ್ವಾ? ಹುಡುಗಿಯರನ್ನು ಬೇರೆಯಾಗಿ ಕೂರಿಸಿ ಕೇಳಿ. ಬೆಳಕು, ಶೌಚಾಲಯ, ಮನೆಗೆ ಮರಳುವ ದಾರಿ, ಇವನ್ನೇ ಅವರು ಮೊದಲು ಹೇಳಬಹುದು.

ಮುಂದಿನ ತಿಂಗಳ ಹಣದಲ್ಲಿ ಒಂದು ಪಾಲನ್ನು ಮಕ್ಕಳ ಕೈಗೇ ಕೊಟ್ಟು ನೋಡಿ. ಲೆಕ್ಕವನ್ನೂ ಅವರೇ ಬರೆಯಲಿ.